ಬೈಲಿನ ಮಣ್ಣು ಒಣಗಿ ಕಲ್ಲಾಗುವುದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯಲ್ಲಿ ಬಾವಿ ತೋಡಿದವರು, ಮನೆಗೆ ಪಾಯ ತೆಗೆದವರು, ತೆಂಗಿಗೆ ಗುಂಡಿ ಹೊಡೆದವರು ಎಲ್ಲರೂ ಒಂದಲ್ಲ ಒಂದು ದಿನ ಕೇಳುವುದು ಇದನ್ನೇ: ಬೈಲಿನ, ಅಂದರೆ ತಗ್ಗಿನ ಗದ್ದೆಯ, ಮಣ್ಣು ಒಣಗಿ ಕಲ್ಲಾಗುವುದು ಯಾಕೆ? ನನಗೆ ಮಣ್ಣಿನ ಹುಚ್ಚು ಅಂತ ಗೊತ್ತಿರುವವರು ಮದುವೆ ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ. ಹಾಗೆ ಮಾತಿನಲ್ಲಿ ಕೇಳಿದ್ದು, ಬರೆದು ಕಳಿಸಿದ್ದು ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಬಾಯಿಮಾತಿನಲ್ಲೇ ಇವೆ. ಸುಲಭದ್ದು ಮೊದಲು, ತಲೆ ತಿನ್ನುವವು ಕೊನೆಗೆ. ಬೇಕಾದ್ದಕ್ಕೆ ನೇರ ಹಾರಿದರೂ ಪರವಾಗಿಲ್ಲ.

ಶುರುವಿನವು

ಮಳೆಗಾಲದಲ್ಲಿ ಬೆಣ್ಣೆ ಥರ ಇರೋ ಮಣ್ಣು ಬೇಸಿಗೆಯಲ್ಲಿ ಕಲ್ಲಾಗೋದು ಯಾಕೆ?

ಇದರಲ್ಲಿ ಎರಡು ಬೇರೆ ಬೇರೆ ಗಟ್ಟಿತನ ಇವೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ತಾಪತ್ರಯ ಶುರುವಾಗುವುದೇ ಅಲ್ಲಿ.

ಒಂದು, ಜೇಡಿಯ ಗಟ್ಟಿತನ. ಒದ್ದೆ ಮಣ್ಣಿನ ಕಣಗಳ ನಡುವೆ ನೀರು ಇರುತ್ತದೆ. ಅದು ಆರಿದ ಹಾಗೆ ಕಣಗಳು ಒಂದನ್ನೊಂದು ಎಳೆದುಕೊಂಡು ಒತ್ತಾಗಿ ಕೂರುತ್ತವೆ. ಕುಂಬಾರ ಮಾಡಿಟ್ಟ ಹಸಿ ಮಡಕೆ ನೆರಳಲ್ಲೇ ಬಿಗಿಯುತ್ತದಲ್ಲ, ಹಾಗೆ. ಸುಡದ ಆ ಮಡಕೆಗೆ ನೀರು ಹೊಯ್ದರೆ ಮತ್ತೆ ಮಣ್ಣೇ. ಜೂನ್ ತಿಂಗಳ ಮೊದಲ ನಾಲ್ಕು ಮಳೆಗೆ ಮೆತ್ತಗಾಗುವ ಗದ್ದೆ ಈ ಜಾತಿಯದ್ದು.

ಎರಡನೆಯದು ಕಬ್ಬಿಣದ ಗಟ್ಟಿತನ. ತುಕ್ಕು ಕಣಗಳ ನಡುವೆ ಸಿಮೆಂಟಿನ ಹಾಗೆ ಕೂತು ಬೆಸೆಯುತ್ತದೆ. ಸರಿಯಾಗಿ ಬೆಸೆದ ಮೇಲೆ ವರ್ಷಗಟ್ಟಲೆ ನೀರಲ್ಲಿ ಬಿದ್ದಿದ್ದರೂ ಬಿಡುವುದಿಲ್ಲ. ಮಂಗಳೂರು ಕಡೆಯವರ ಕೆಂಪು ಕಲ್ಲು, ಉತ್ತರ ಕನ್ನಡದವರ ಚಿರೆಕಲ್ಲು, ಶಾಲೆ ಪುಸ್ತಕದ ಜಂಬಿಟ್ಟಿಗೆ, ಇಂಗ್ಲಿಷಿನ ಲ್ಯಾಟರೈಟ್ ಎಲ್ಲ ಇದೇ. ಮುರಕಲ್ಲು ಅನ್ನುವವರೂ ಇದ್ದಾರೆ.

ಕಬ್ಬಿಣ ಅಂದ್ರೆ ನಿಜವಾದ ಕಬ್ಬಿಣವೇನಾ? ಗದ್ದೆಗೆ ಎಲ್ಲಿಂದ ಬಂತು?

ಹೌದು, ಬಾಗಿಲ ಚಿಲಕದ ಮೇಲೆ ಬರುವ ತುಕ್ಕಿನಂಥದ್ದೇ. ಎಲ್ಲ ಬಂಡೆಯಲ್ಲೂ ಅಷ್ಟೋ ಇಷ್ಟೋ ಕಬ್ಬಿಣ ಇರುತ್ತದೆ. ಮಂಗಳೂರಿನಂಥ ಕಡೆ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಜೊತೆಗೆ ಸೆಕೆ. ಬಂಡೆ ಕೊಳೆತು ಮಣ್ಣಾಗುವಾಗ ಸುಣ್ಣದ ಅಂಶ, ಪೊಟ್ಯಾಷ್, ಮೆಗ್ನೀಷಿಯಂ, ಬಹುಪಾಲು ಸಿಲಿಕಾ ಎಲ್ಲ ನೀರಿನ ಜೊತೆ ಹೊರಟುಹೋಗುತ್ತವೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಸುಲಭಕ್ಕೆ ಜಾಗ ಬಿಡುವುದಿಲ್ಲ. ಉಳಿಯುವುದು ಅವೆರಡು ಮತ್ತು ಕಯೊಲಿನೈಟ್ ಅನ್ನುವ ಬಿಳಿ ಜೇಡಿ. ಆ ತುಕ್ಕು ಹೆಮಟೈಟ್ ಆಗಿದ್ದರೆ ಮಣ್ಣು ಕೆಂಪು, ಗೋಥೈಟ್ ಆಗಿದ್ದರೆ ಹಳದಿ-ಕಂದು.

ಹಾಗಾದ್ರೆ ಗುಡ್ಡ ಕೆಂಪು, ಬೈಲು ಮಾತ್ರ ಬೂದು ಬಣ್ಣ. ಅಲ್ಲಿ ಕಬ್ಬಿಣ ಇಲ್ವಾ?

ಇದೆ, ಬಣ್ಣ ಕಳಚಿಟ್ಟು ಕೂತಿದೆ. ನೀರು ನಿಂತ ಮಣ್ಣಿನಲ್ಲಿ ಗಾಳಿ ಒಂದೆರಡು ದಿನದಲ್ಲೇ ಮುಗಿಯುತ್ತದೆ. ಒಳಗಿನ ಬ್ಯಾಕ್ಟೀರಿಯಾಗಳಿಗೆ ಉಸಿರಾಡಲು ಆಮ್ಲಜನಕ ಸಿಗದಿದ್ದರೆ ತುಕ್ಕನ್ನೇ ಹಿಡಿಯುತ್ತವೆ. ಕರಗದ ಫೆರಿಕ್ ಕಬ್ಬಿಣ ಆಗ ಕರಗುವ ಫೆರಸ್ ಕಬ್ಬಿಣ ಆಗಿ ನೀರಿಗೆ ಇಳಿಯುತ್ತದೆ. ಕೆಂಪು ಬಣ್ಣ ಹೋಗುತ್ತದೆ, ಜೇಡಿಯ ಸ್ವಂತ ಬೂದು ಕಾಣುತ್ತದೆ.

ನಮ್ಮ ಹಿರಿಯರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಅಂತ ಮೂರು ಮಾಡಿದ್ದು ನೀರಿನ ಲೆಕ್ಕದಲ್ಲಿ. ಮೇಲಿನ ಬೆಟ್ಟು ಗದ್ದೆಗೆ ಒಂದು ಬೆಳೆ, ನಡುವಿನ ಮಜಲಿಗೆ ಎರಡು, ತಗ್ಗಿನ ಬೈಲಿಗೆ ನೀರಿದ್ದರೆ ಏಣೆಲು, ಸುಗ್ಗಿ, ಕೊಳಕೆ ಅನ್ನುವ ಮೂರೂ ಬೆಳೆ. ಅಗೆದು ನೋಡಿದರೆ ಕಬ್ಬಿಣದ ಲೆಕ್ಕವೂ ಅದೇ ಸಾಲಿನಲ್ಲಿದೆ. ಬೆಟ್ಟಿನಲ್ಲಿ ಕೆಂಪು, ಬೈಲಿನಲ್ಲಿ ಬೂದು, ಮಜಲಿನಲ್ಲಿ ಎರಡೂ ಕಲಸಿದ ಚುಕ್ಕೆ. ಆ ಚುಕ್ಕೆ ಇರುವ ಜಾಗವೇ ಈ ಪುಟದ ಕಥಾನಾಯಕ.

ಗದ್ದೆ ನೀರಿನ ಮೇಲೆ ಎಣ್ಣೆ ಥರ ಬಣ್ಣಬಣ್ಣದ ಪೊರೆ. ಪಕ್ಕದವರ ಪಂಪಿನ ಡೀಸೆಲ್ ಇರಬಹುದಾ?

ಪಕ್ಕದವರ ಜೊತೆ ಜಗಳ ಮಾಡುವ ಮೊದಲು ಒಂದು ಕಡ್ಡಿಯಲ್ಲಿ ಚುಚ್ಚಿ ನೋಡಿ. ಪೊರೆ ಒಡೆದ ಗಾಜಿನ ಹಾಗೆ ಮೂಲೆ ಮೂಲೆಯಾಗಿ ಚೂರಾಗಿ, ಚೂರುಗಳು ದೂರದೂರ ತೇಲಿದರೆ ಅದು ಕಬ್ಬಿಣ. ಎಣ್ಣೆಯಾದರೆ ಕಡ್ಡಿ ತೆಗೆದ ತಕ್ಷಣ ಮತ್ತೆ ಕೂಡಿಕೊಳ್ಳುತ್ತದೆ. ಕರಗಿದ್ದ ಕಬ್ಬಿಣ ಮೇಲಿನ ಗಾಳಿ ಮುಟ್ಟಿ ಪೊರೆಯಾಗಿದೆ, ಅಷ್ಟೆ. ಕಟ್ಟಪುಣಿಯ (ಗದ್ದೆಯ ಬದುವಿನ) ಬದಿಯಲ್ಲಿ ಒಸರುವ ಕಿತ್ತಳೆ ಬಣ್ಣದ ಲೋಳೆಯೂ ಇದೇ ಕುಟುಂಬ.

ಸ್ವಲ್ಪ ಒಳಗೆ ಇಳಿದರೆ

ನೀರಲ್ಲಿ ಕರಗಿದ ಕಬ್ಬಿಣ ಕಲ್ಲಾಗೋದು ಹೇಗೆ? ಸ್ವಲ್ಪ ಬಿಡಿಸಿ ಹೇಳಿ.

ನಮ್ಮ ಹಿತ್ತಲಲ್ಲಿ ಬಾವಿ ತೋಡಿದಾಗ ನಾನು ಏಣಿ ಇಳಿದು ನೋಡಿದ್ದೆ. ಮೇಲೆ ಎರಡು ಅಡಿ ಕಂದು ಮಣ್ಣು. ಅದರ ಕೆಳಗೆ ಗೋಡೆ ಪೂರ್ತಿ ಕಲೆ: ಬಿಳಿಬೂದು ಜೇಡಿಯ ನಡುವೆ ಕೆಂಪು, ಹಳದಿ ಮಚ್ಚೆಗಳು, ಕೆಲವು ಉಂಡೆ, ಕೆಲವು ಹುಳ ಹರಿದ ಹಾಗೆ ಉದ್ದುದ್ದ. ಉಗುರಲ್ಲಿ ಒತ್ತಿದರೆ ಬಿಳಿ ಭಾಗ ಬೆಣ್ಣೆ. ಕೆಂಪು ಭಾಗ ಸ್ವಲ್ಪ ಬಿಗಿ, ಆದರೂ ಗುದ್ದಲಿಗೆ ಸಲೀಸಾಗಿ ಕತ್ತರಿಸುತ್ತಿತ್ತು. ಇನ್ನೂ ಕೆಳಗೆ ಬರೀ ಬೂದು.

ಆ ಕಲೆಯ ಪಟ್ಟಿ ಇರುವುದು ಸುಮ್ನೆ ಅಲ್ಲ. ಜುಲೈನಲ್ಲಿ ಅಂತರ್ಜಲ ಅಲ್ಲಿಗೆ ಏರುತ್ತದೆ, ಮಾರ್ಚ್ ಹೊತ್ತಿಗೆ ಇಳಿಯುತ್ತದೆ. ಏರಿದಾಗ ಗಾಳಿ ಇಲ್ಲ, ಕಬ್ಬಿಣ ಕರಗಿ ಓಡಾಡುತ್ತದೆ. ಪಕ್ಕದ ಗುಡ್ಡದಿಂದ ಒಸರುವ ನೀರೂ ಒಂದಿಷ್ಟು ತಂದು ಸೇರಿಸುತ್ತದೆ. ನೀರು ಇಳಿಯುವಾಗ ಗಾಳಿ ಎಲ್ಲ ಕಡೆ ಒಟ್ಟಿಗೆ ನುಗ್ಗುವುದಿಲ್ಲ. ಸತ್ತ ಬೇರಿನ ತೂತು, ಎರೆಹುಳದ ದಾರಿ, ಬಿರುಕು, ಇವುಗಳಲ್ಲಿ ಮೊದಲು ಬರುತ್ತದೆ. ಕರಗಿದ್ದ ಕಬ್ಬಿಣ ಅಲ್ಲಿ ಗಾಳಿ ಮುಟ್ಟಿ ತುಕ್ಕಾಗಿ ಕೂರುತ್ತದೆ. ಭತ್ತದ ಬುಡ ಕಿತ್ತು ತೊಳೆದು ನೋಡಿ, ಬೇರಿನ ಸುತ್ತ ಕಿತ್ತಳೆ ಲೇಪ ಇರುತ್ತದೆ. ಬೇರು ತಾನೇ ಒಳಗಿಂದ ಗಾಳಿ ಬಿಡುವುದರಿಂದ ಆದದ್ದು ಅದು.

ಮುಂದಿನ ವರ್ಷ ಹೊಸ ಕಬ್ಬಿಣ ಬಂದಾಗ ಹಳೆ ತುಕ್ಕಿನ ಮೇಲೇ ಕೂರಲು ಇಷ್ಟಪಡುತ್ತದೆ. ಹೀಗಾಗಿ ಕೆಂಪು ಇನ್ನೂ ಕೆಂಪು, ಬಿಳಿ ಇನ್ನೂ ಬಿಳಿ. ಇದು ಸಾವಿರ ಸಲ, ಹತ್ತು ಸಾವಿರ ಸಲ ನಡೆಯಬೇಕು.

ಈಗ ಕೊನೆಯ ಹೆಜ್ಜೆ. ಮೊದಲು ಕೂರುವ ತುಕ್ಕು ನೀರು ತುಂಬಿದ ಅಂಟಿನಂಥದ್ದು, ಸರಿಯಾದ ಹರಳಾಗಿರುವುದಿಲ್ಲ. ಪೂರ್ತಿ ಒಣಗಿದಾಗ ಒಳಗಿನ ನೀರು ಬಿಟ್ಟು ಗೋಥೈಟ್, ಹೆಮಟೈಟ್ ಹರಳಾಗುತ್ತದೆ. ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ನಡುವೆ ಸಿಕ್ಕ ಜೇಡಿಯನ್ನು ಬಿಗಿಯುತ್ತವೆ. ಮತ್ತೆ ನೀರು ಹೊಯ್ದರೆ ಆ ಹೆಣಿಗೆ ಬಿಚ್ಚುವುದಿಲ್ಲ. ಹರಳಾಗುವ ಮೊದಲಿನ ಅಂಟು ಬೇರೆ, ಆದ ಮೇಲಿನದು ಬೇರೆ.

ಒಂದು ವರದಿಯಲ್ಲಿ ಪ್ಲಿಂಥೈಟ್ ಅಂತಿತ್ತು. ಅದು ಲ್ಯಾಟರೈಟೇ ಅಲ್ವಾ?

ಹತ್ತಿರದ ನೆಂಟರು. ಇನ್ನೂ ಮೆತ್ತಗಿರುವ, ಗುದ್ದಲಿಗೆ ಕತ್ತರಿಸುವ, ಆದರೆ ನೆನೆದು ಒಣಗಿ ನೆನೆದು ಒಣಗಿದರೆ ಶಾಶ್ವತವಾಗಿ ಗಟ್ಟಿಯಾಗುವ ಆ ಚುಕ್ಕೆ ಮಣ್ಣು ಪ್ಲಿಂಥೈಟ್. ನಾನು ಬಾವಿಯಲ್ಲಿ ನೋಡಿದ್ದು ಅದು. ಗಟ್ಟಿಯಾದ ಮೇಲೆ ಲ್ಯಾಟರೈಟ್, ಕಬ್ಬಿಣಕಲ್ಲು, ಪೆಟ್ರೋಪ್ಲಿಂಥೈಟ್ ಅಂತ ಏನೇನೋ ಹೆಸರು.

ಪ್ಲಿಂಥೋಸ್ ಅಂದರೆ ಗ್ರೀಕ್‌ನಲ್ಲಿ ಇಟ್ಟಿಗೆ. ಲ್ಯಾಟರೈಟ್ ಬಂದಿರುವುದು ಇಟ್ಟಿಗೆಗೆ ಇರುವ ಲ್ಯಾಟಿನ್ ಪದದಿಂದ. ಆ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರಕಾರ ಅವನನ್ನು ಮೈಸೂರು, ಕೆನರಾ, ಮಲಬಾರ್ ಸುತ್ತಿ ಬಾ ಅಂತ ಕಳಿಸಿತು. ಈಗಿನ ಕೇರಳದ ಅಂಗಾಡಿಪ್ಪುರಂನಲ್ಲಿ ಜನ ಮೆತ್ತನೆ ಮಣ್ಣನ್ನು ಚೌಕಾಕಾರವಾಗಿ ಕತ್ತರಿಸಿ ಗಾಳಿಗೆ ಇಟ್ಟು ಇಟ್ಟಿಗೆಯಷ್ಟು ಗಟ್ಟಿ ಮಾಡಿಕೊಳ್ಳುವುದನ್ನು ನೋಡಿದ. 1807ರಲ್ಲಿ ಅಚ್ಚಾದ ಪ್ರವಾಸ ಕಥನದಲ್ಲಿ ಲ್ಯಾಟರೈಟ್ ಅಂತ ಕರೆದ. ಇಲ್ಲಿನ ಭಾಷೆಗಳಲ್ಲಿ ಇದಕ್ಕೆ ‘ಇಟ್ಟಿಗೆ ಕಲ್ಲು’ ಅಂತಾರೆ ಅಂತಲೂ ಅವನೇ ಬರೆದಿದ್ದಾನೆ. ಅಂದರೆ ಹೆಸರು ನಮ್ಮದೇ, ಲ್ಯಾಟಿನ್ ಅಂಗಿ ಹಾಕಿದ್ದು ಮಾತ್ರ ಅವನು.

ಒಂದೇ ಬೇಸಿಗೆಯಲ್ಲಿ ಕಲ್ಲಾಗಿಬಿಡ್ತದಾ?

ಅಕ್ಕಿ ನೆನೆಸಿ, ರುಬ್ಬಿ, ಹುಳಿ ಬರಿಸಲು ಒಂದು ದಿನ ಬೇಕು. ದೋಸೆ ಹೊಯ್ಯಲು ಎರಡು ನಿಮಿಷ. ಇಲ್ಲೂ ಹಾಗೇ. ಕಬ್ಬಿಣ ಒಂದೆಡೆ ಸೇರಲು ಸಾವಿರಾರು ವರ್ಷ, ಕೆಲವು ಕಡೆ ಲಕ್ಷಾಂತರ. ಸೇರಿ ಆದ ಮೇಲೆ ಗಾಳಿ ಬಿಸಿಲಿಗೆ ಬಂದರೆ ಕಡಿದಿಟ್ಟ ಕಲ್ಲು ವಾರಗಳಲ್ಲಿ, ತಿಂಗಳುಗಳಲ್ಲಿ ಬಿಗಿಯುತ್ತದೆ. ನೆಲದಲ್ಲೇ ಇರುವ ಪದರಕ್ಕೆ ಕೆಲವು ವರ್ಷ ಹಿಡಿಯಬಹುದು. ಕಬ್ಬಿಣ ಮೊದಲೇ ಸೇರಿರದ ಮಣ್ಣನ್ನು ನೂರು ಬೇಸಿಗೆ ಒಣಗಿಸಿದರೂ ಕೆಂಪು ಕಲ್ಲಾಗುವುದಿಲ್ಲ.

ಇಟ್ಟಿಗೆ ಗೂಡಲ್ಲಿ ಸುಟ್ಟಂತೆ ಬಿಸಿಲು ಸುಡ್ತದೆ ಅಂತ ಮೇಷ್ಟ್ರು ಹೇಳಿದ್ರು.

ಹೋಲಿಕೆಗೆ ಸರಿ, ಕಾರಣಕ್ಕೆ ಸರಿ ಅಲ್ಲ. ಗೂಡಿನಲ್ಲಿ ನೂರಾರು ಡಿಗ್ರಿ ಶಾಖಕ್ಕೆ ಜೇಡಿಯೇ ಬದಲಾಗಿ ಕಣಗಳು ಬೆಸೆಯುತ್ತವೆ. ಬಿಸಿಲಿಗೆ ಅಷ್ಟು ತಾಕತ್ತಿಲ್ಲ. ಬಿಸಿಲು ಮಾಡುವುದು ಒಣಗಿಸುವ ಕೆಲಸ, ಬೆಸುಗೆ ಕಬ್ಬಿಣದ್ದು.

ಗದ್ದೆ, ತೋಟ, ಮನೆ

ನನ್ನ ಜಾಗದ್ದು ಯಾವ ಜಾತಿ ಗಟ್ಟಿ ಅಂತ ಮನೆಯಲ್ಲೇ ತಿಳಿಯಬಹುದಾ?

ಖರ್ಚಿಲ್ಲದೆ ತಿಳಿಯಬಹುದು. ಮೂರು ಅಡಿ ಗುಂಡಿ ತೆಗೆದು, ಕೆಂಪು ಚುಕ್ಕೆ ಇರುವ ಕಡೆಯಿಂದ ಕೋಳಿಮೊಟ್ಟೆ ಗಾತ್ರದ ನಾಲ್ಕು ಹೆಂಟೆ ತೆಗೆಯಿರಿ. ತಾರಸಿ ಮೇಲೆ ಒಂದು ವಾರ ಚೆನ್ನಾಗಿ ಒಣಗಿಸಿ. ಆಮೇಲೆ ಗಾಜಿನ ಲೋಟದಲ್ಲಿ ನೀರು ಹಾಕಿ ಮೆಲ್ಲಗೆ ಇಳಿಸಿ, ಅಲ್ಲಾಡಿಸದೆ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹೆಂಟೆ ಪೂರ್ತಿ ಕುಸಿದು ತಳದಲ್ಲಿ ರಾಡಿ ಆಗಿದ್ದರೆ ಅದು ಜೇಡಿಯ ಗಟ್ಟಿತನ, ನಿಶ್ಚಿಂತೆ. ಬಿಳಿ ಭಾಗ ಕರಗಿಹೋಗಿ ಕೆಂಪು ಭಾಗ ಗಟ್ಟಿ ಉಂಡೆಯಾಗಿ ಉಳಿದಿದ್ದರೆ ಹುಷಾರು. ಮಣ್ಣು ವಿಜ್ಞಾನಿಗಳೂ ಪ್ಲಿಂಥೈಟ್ ಗುರುತಿಸಲು ಹೆಚ್ಚುಕಮ್ಮಿ ಇದನ್ನೇ ಮಾಡುತ್ತಾರೆ, ಅವರ ಲೋಟ ಸ್ವಲ್ಪ ದುಬಾರಿ ಅಷ್ಟೆ. ಅನುಮಾನ ಇದ್ದರೆ ಅದೇ ಹೆಂಟೆಯನ್ನು ನಾಲ್ಕೈದು ಸಲ ನೆನೆಸಿ ಒಣಗಿಸಿ ನೋಡಿ. ಪ್ರತಿ ಸಲ ಜಾಸ್ತಿ ಬಿಗಿಯುತ್ತಿದ್ದರೆ ಉತ್ತರ ಸಿಕ್ಕಿತು.

ಮಜಲು ಗದ್ದೆ ಸಮ ಮಾಡಿ ಎರಡು ಅಡಿ ಮಣ್ಣು ತೆಗಿಬೇಕು ಅಂತಿದ್ದೇನೆ. ತೊಂದರೆ ಇದೆಯಾ?

ಮೇಲಿನ ಲೋಟದ ಪರೀಕ್ಷೆ ಮಾಡದೆ ದಯವಿಟ್ಟು ಮುಟ್ಟಬೇಡಿ. ನಾನು ಮುಟ್ಟಿ ಕೆಟ್ಟವನು. ಅಪ್ಪನ ಕಾಲದ ಒಂದು ಮಜಲು ಗದ್ದೆ ಮೇಲುಕೆಳಗಿತ್ತು. ಜೆಸಿಬಿಯವನು ಬಂದು, ಅಣ್ಣಾ ಮೇಲಿನ ಮಣ್ಣು ನಾನೇ ಒಯ್ಯುತ್ತೇನೆ, ಬಾಡಿಗೆಯಲ್ಲಿ ಕಡಿಮೆ ಮಾಡುತ್ತೇನೆ ಅಂದ. ಲಾಭ ಅನ್ನಿಸಿತು. ಎರಡು ದಿನದಲ್ಲಿ ಗದ್ದೆ ಕೇರಂ ಬೋರ್ಡ್ ಥರ ಸಮ. ಅಡಿಯಲ್ಲಿ ಕಂಡದ್ದು ಚುಕ್ಕೆ ಮಣ್ಣು, ಚಂದ ಇದೆ ಅಂತ ಫೋಟೊ ಕೂಡ ತೆಗೆದಿದ್ದೆ.

ಮೊದಲ ಮಳೆಗಾಲ ನಾಟಿ ಮಾಡಿದೆವು, ಪೈರು ಹಳದಿ. ಮೊದಲ ಬೇಸಿಗೆ ಮೇಲೆ ಒರಟು ಹೆಪ್ಪು. ಎರಡನೇ ಬೇಸಿಗೆ ಕಳೆದ ಮೇಲೆ ಟಿಲ್ಲರ್ ಗೀರು ಎಳೆಯಿತೇ ಹೊರತು ಉಳಲಿಲ್ಲ. ಮೂರನೇ ವರ್ಷ ಪಿಕ್ಕಾಸು ಹೊಡೆದರೆ ಟಣ್ ಅಂತ ಹಾರುತ್ತಿತ್ತು, ಕಿಡಿ ಬರುವುದೊಂದು ಬಾಕಿ. ಮೇಲ್ಮಣ್ಣು ಅನ್ನುವುದು ಬರೀ ಗೊಬ್ಬರದ ಪದರ ಅಲ್ಲ, ಅಡಿಯ ಚುಕ್ಕೆ ಮಣ್ಣು ಒಣಗದಂತೆ ಹೊದಿಸಿದ ಕಂಬಳಿ ಅಂತ ಆಗ ಗೊತ್ತಾಯಿತು. ಜೆಸಿಬಿಯವನದು ತಪ್ಪಿಲ್ಲ, ಕೇಳಿದ್ದು ಮಾಡಿದ.

ಆಳವಾದ ಚರಂಡಿ ತೆಗೆದು ಬೈಲಿನ ನೀರನ್ನು ಶಾಶ್ವತವಾಗಿ ಇಳಿಸುವುದೂ ಇದೇ ಅಪಾಯ, ಇನ್ನೊಂದು ದಾರಿಯಲ್ಲಿ.

ಗದ್ದೆಯಲ್ಲಿ ಒಂದು ಗೇಣು ಕೆಳಗೆ ಗಟ್ಟಿ ಪದರ ತಾಗ್ತದೆ. ಕಲ್ಲಾಯ್ತಾ?

ಹೆಚ್ಚಾಗಿ ಅಲ್ಲ. ವರ್ಷವರ್ಷ ಕೆಸರು ಉಳುಮೆ ಮಾಡಿದ ಗದ್ದೆಯಲ್ಲಿ ನೇಗಿಲು, ಟಿಲ್ಲರ್ ಮತ್ತು ಕಾಲಿನ ಭಾರಕ್ಕೆ ಒತ್ತಾದ ಪದರ ಅದು. ಭತ್ತಕ್ಕೆ ಅದು ಬೇಕು, ನೀರು ನಿಲ್ಲಿಸುವುದೇ ಅದು. ಸುಗ್ಗಿ ನಂತರ ಉದ್ದು, ಅಲಸಂಡೆ ಹಾಕುವವರಿಗೆ ಮಾತ್ರ ಕಿರಿಕಿರಿ. ಅಗೆದಾಗ ಹಲಗೆ ಹಲಗೆಯಾಗಿ ಎದ್ದರೆ ಒತ್ತಿದ ಪದರ. ಉಂಡೆ ಉಂಡೆ, ತೂತು ತೂತಾಗಿದ್ದು ಲೋಹದ ಸದ್ದು ಬಂದರೆ ಕಬ್ಬಿಣ.

ಭತ್ತದ ಎಲೆ ಕಂಚಿನ ಬಣ್ಣಕ್ಕೆ ತಿರುಗಿದೆ, ರೋಗವಾ?

ಗುಡ್ಡದ ಬುಡದ ಬೈಲಾದರೆ ಮೊದಲ ಅನುಮಾನ ಕಬ್ಬಿಣದ ನಂಜು. ಕರಗಿದ ಕಬ್ಬಿಣ ಜಾಸ್ತಿಯಾಗಿ ಬೇರು ಹೀರಿದಾಗ ಹಳೆ ಎಲೆಗಳ ತುದಿಯಿಂದ ಕಂದು ಚುಕ್ಕೆ ಶುರುವಾಗುತ್ತದೆ. ನಡುವೆ ಕೆಲವು ದಿನ ನೀರು ಬಸಿದು ಗಾಳಿ ಆಡಿಸುವುದು, ಸುಣ್ಣ ಹಾಕುವುದು, ಪೊಟ್ಯಾಷ್ ಕೊರತೆ ಆಗದಂತೆ ನೋಡುವುದು ಮಾಮೂಲಿ ಉಪಾಯಗಳು. ನೀರು ಬಸಿಯುವುದು ಅಂದರೆ ಕೆಲವು ದಿನಕ್ಕೆ, ಮಣ್ಣು ಬಿರಿಯುವಷ್ಟಲ್ಲ.

ತೆಂಗಿನ ಗುಂಡಿಗೆ ಉಪ್ಪು ಹಾಕಿದ್ರೆ ಕಲ್ಲು ಕರಗ್ತದೆ ಅಂತಾರೆ. ಹೌದಾ?

ಅರ್ಧ ಹೌದು. ಕೆಂಪು ಕಲ್ಲಿನ ಜಾಗದಲ್ಲಿ ನಾಲ್ಕು ಅಡಿ ಉದ್ದ, ಅಗಲ, ಆಳದ ಗುಂಡಿ ಹೊಡೆದು, ಸಸಿ ನೆಡುವ ಆರು ತಿಂಗಳು ಮೊದಲೇ ಎರಡು ಕಿಲೋ ಉಪ್ಪು ಹಾಕುವುದು ಕೃಷಿ ಶಿಫಾರಸಿನಲ್ಲೂ ಇದೆ. ಆದರೆ ಉಪ್ಪಿಗೆ ಕಬ್ಬಿಣದ ಹರಳು ಬಿಚ್ಚುವ ಶಕ್ತಿ ಇಲ್ಲ. ಅದರ ಸೋಡಿಯಂ ಜೇಡಿಯನ್ನು ಚದುರಿಸುತ್ತದೆ. ಕಲ್ಲು ಇನ್ನೂ ಅರೆಬರೆ ಬೆಸೆದಿದ್ದರೆ ತೂತುಗಳೊಳಗಿನ ಜೇಡಿ ಸಡಿಲಾಗಿ ಬೇರಿಗೆ ದಾರಿ ಸಿಗುತ್ತದೆ. ಪೂರ್ತಿ ಬಿಗಿದ ಕಪ್ಪುಗೆಂಪು ಕಲ್ಲಿಗೆ ಉಪ್ಪು ಹಾಕಿದರೆ ಉಪ್ಪು ದಂಡ.

ರಂಜಕದ ವಿಷಯವೂ ನೆನಪಿರಲಿ. ಕಬ್ಬಿಣದ ಮಣ್ಣು ರಂಜಕವನ್ನು ಬಿಗಿಯಾಗಿ ಹಿಡಿದುಕೊಂಡು ಗಿಡಕ್ಕೆ ಬಿಡುವುದಿಲ್ಲ. ಗೊಬ್ಬರವನ್ನು ಇಡೀ ಜಾಗಕ್ಕೆ ಚೆಲ್ಲುವ ಬದಲು ಬುಡದ ಬಳಿ, ಸಾವಯವ ಗೊಬ್ಬರದ ಜೊತೆ ಕೊಡಿ.

ಕೆಂಪು ಕಲ್ಲಿನ ಮನೆ, ಗಾರೆ ಮಾಡದೆ ಹಾಗೇ ಬಿಟ್ಟರೆ ಚಂದ ಕಾಣ್ತದೆ. ಬಿಡಬಹುದಾ?

ಕಲ್ಲು ಎಂಥದ್ದು ಅನ್ನುವುದರ ಮೇಲೆ ಹೋಗುತ್ತದೆ. ಹೊಸದಾಗಿ ಕಡಿದ ಕಲ್ಲನ್ನು ತಕ್ಷಣ ಗೋಡೆಗೆ ಏರಿಸಬೇಡಿ, ಒಂದು ಬೇಸಿಗೆ ಹೊರಗಿದ್ದರೆ ಒಳ್ಳೆಯದು. ಬಿಳಿ ಜೇಡಿಯ ಮಚ್ಚೆ ಜಾಸ್ತಿ ಇರುವ ಕಲ್ಲು ಬೇಡ. ನಮ್ಮ ಮಳೆಗೆ ಆ ಜೇಡಿ ತೊಳೆದುಹೋಗಿ ತೂತು ಬೀಳುತ್ತದೆ. ಹಳೆ ಗೋವಾದ ಬಾಮ್ ಜೀಸಸ್ ಬೆಸಿಲಿಕಾದ ಹೊರಗಿನ ಗಾರೆಯನ್ನು 1950ರ ದಶಕದಲ್ಲಿ ಕಿತ್ತರು, ಕೆಂಪು ಕಲ್ಲು ಹೊರಗೆ ಕಾಣಲಿ ಅಂತ. ಅಂದಿನಿಂದ ಮಳೆ ಆ ಕಲ್ಲನ್ನು ತಿನ್ನುತ್ತಲೇ ಇದೆ, ಮತ್ತೆ ಗಾರೆ ಮಾಡಬೇಕಾ ಬೇಡವಾ ಅನ್ನುವ ವಾದವೂ ನಡೆದೇ ಇದೆ. ಇನ್ನೊಂದು ಕಡೆ ಬೇಕಲ ಕೋಟೆ, ಕುಮಟಾ ಹತ್ತಿರದ ಮಿರ್ಜಾನ್ ಕೋಟೆ ಗಾರೆ ಇಲ್ಲದೆಯೂ ನಿಂತಿವೆ. ನಾನಾದರೆ ಪಡುವಣ ಗೋಡೆಗೆ ಗಾರೆ ಮಾಡಿ ಉಳಿದದ್ದು ಬಿಡುತ್ತೇನೆ.

ಮೇಲೆ ಇಷ್ಟು ಗಟ್ಟಿ ಕಲ್ಲಿದ್ದೂ ಗುಡ್ಡ ಕುಸಿಯೋದು ಯಾಕೆ?

ಟೋಪಿ ಗಟ್ಟಿ, ತಲೆ ಮೆತ್ತಗೆ. ಕೆಂಪು ಕಲ್ಲಿನ ಅಡಿಯಲ್ಲಿ ಬಿಳಿ-ಗುಲಾಬಿ ಶೇಡಿ ಮಣ್ಣು ಇರುತ್ತದೆ. ಅದರಲ್ಲಿ ಬೆಸೆಯುವಷ್ಟು ಕಬ್ಬಿಣ ಇಲ್ಲ. ಒಣಗಿದಾಗ ನೆಟ್ಟಗೆ ಕಡಿದರೂ ನಿಲ್ಲುತ್ತದೆ, ನೀರು ಕುಡಿದರೆ ಬಲವೇ ಇರುವುದಿಲ್ಲ. ರಸ್ತೆಗೆ, ಸೈಟಿಗೆ ಅಂತ ಗುಡ್ಡವನ್ನು ಗೋಡೆಯ ಹಾಗೆ ಕಡಿದಾಗ ಶೇಡಿ ಹೊರಗೆ ಬಂದು ಮಳೆಗೆ ಒಡ್ಡಿಕೊಳ್ಳುತ್ತದೆ.

ಊರಾಚೆಯವು, ತಲೆ ತಿನ್ನುವವು

ಕಾಡು ಕಡಿದರೆ ಅಮೆಜಾನ್ ಇಡೀ ಇಟ್ಟಿಗೆ ಆಗ್ತದೆ ಅಂತ ಓದಿದ್ದೆ. ನಿಜವಾ?

1960ರ ದಶಕದಲ್ಲಿ ಈ ಭಯ ಜೋರಾಗಿತ್ತು, ಜನಪ್ರಿಯ ವಿಜ್ಞಾನ ಪತ್ರಿಕೆಗಳಲ್ಲೂ ಬಂತು. ಆಮೇಲೆ ಮಣ್ಣಿನ ಸರ್ವೆ ಆದಾಗ ಚಿತ್ರ ಬೇರೆ ಆಯಿತು. 1982ರಲ್ಲಿ ಪ್ರಕಟವಾದ ಒಂದು ಲೆಕ್ಕದಲ್ಲಿ ಅಮೆಜಾನ್ ಜಲಾನಯನದ ಸುಮಾರು ಶೇ 4ರಷ್ಟು ಜಾಗದಲ್ಲಿ ಮಾತ್ರ ಮೆತ್ತನೆಯ ಪ್ಲಿಂಥೈಟ್ ಅಡಿಯಲ್ಲಿದೆ. ಅದೂ ಮೇಲ್ಮಣ್ಣು ಕೊಚ್ಚಿಹೋಗಿ ಹೊರಗೆ ಬಂದರೆ ತೊಂದರೆ. ಉಳಿದ ಕಡೆ ಕಾಡು ಕಡಿದರೆ ಆಗುವ ಹಾನಿ ಬೇಕಾದಷ್ಟಿದೆ, ಆದರೆ ಅದು ಇಟ್ಟಿಗೆ ಆಗುವ ಹಾನಿ ಅಲ್ಲ.

ಕೆಂಪು ಮಣ್ಣು ಅಂದ ತಕ್ಷಣ ಕಲ್ಲಾಗುತ್ತದೆ ಅನ್ನುವುದೇ ತಪ್ಪು. ಕೋಲಾರದ ಕೆಂಪು ಹೊಲ ನೋಡಿ. ಅಲ್ಲೂ ತುಕ್ಕಿದೆ, ಆದರೆ ಮೇಲೆ ಕೆಳಗೆ ಆಡುವ ನೀರಿಲ್ಲ.

ನೀರು ಏರಿ ಇಳಿಯುವ ಇಂಥ ನೆರೆ ಬಯಲಿನಲ್ಲಿ ದೊಡ್ಡದಾಗಿ ಬೇಸಾಯ ಮಾಡೋರು ಎಲ್ಲೂ ಇಲ್ವಾ?

ಇದ್ದಾರೆ. ಬ್ರೆಜಿಲ್‌ನ ಟೊಕಾಂಟಿನ್ಸ್ ರಾಜ್ಯದಲ್ಲಿ ಅರಾಗ್ವಾಯ ನದಿ ಎರಡಾಗಿ ಒಡೆದು ಮತ್ತೆ ಕೂಡುವ ನಡುವೆ ಬನನಾಲ್ ಅನ್ನುವ ದ್ವೀಪ ಇದೆ. ನಮ್ಮ ಕರಾವಳಿಯ ಮೂರೂ ಜಿಲ್ಲೆ ಸೇರಿಸಿದಷ್ಟು ದೊಡ್ಡದು, ಸುಮಾರು 20,000 ಚದರ ಕಿಲೋಮೀಟರ್. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಬಯಲೆಲ್ಲ ನೀರು. ಜೂನ್‌ನಿಂದ ಕೆಲವು ತಿಂಗಳು ಒಂದು ಹನಿ ಇಲ್ಲ. ಪ್ಲಿಂಥೈಟ್‌ಗೆ ಹೇಳಿ ಮಾಡಿಸಿದ ಜಾಗ. ಬ್ರೆಜಿಲ್‌ನವರ ಮಣ್ಣಿನ ವರ್ಗೀಕರಣದಲ್ಲಿ ಇದಕ್ಕೆ ‘ಪ್ಲಿಂಟೊಸೋಲೊ’ ಅಂತ ಬೇರೆಯೇ ಗುಂಪಿದೆ. ಬಯಲಿನಲ್ಲಿ ಅಲ್ಲಲ್ಲಿ ಮಣ್ಣಿನ ದಿಬ್ಬಗಳಿವೆ, ಮುರುಂಡು ಅನ್ನುತ್ತಾರೆ. ನೆರೆ ಬಂದಾಗ ಮುಳುಗದ ಆ ದಿಬ್ಬದ ಮೇಲೆ ಮಾತ್ರ ಮರ, ಸುತ್ತ ಬರೀ ಹುಲ್ಲು.

ಆ ಕಡೆಯ ತಗ್ಗು ಬಯಲುಗಳಲ್ಲಿ 1970ರ ದಶಕದ ಕೊನೆಯಿಂದ ಕಾಲುವೆ ತೆಗೆದು ಬೇಸಾಯ ಶುರುವಾಯಿತು. ಮಳೆಗಾಲದಲ್ಲಿ ಭತ್ತ. ಮಳೆಯಿಲ್ಲದ ತಿಂಗಳುಗಳಲ್ಲಿ ಸೋಯಾ, ಅದಕ್ಕೆ ನೀರು ಮೇಲಿಂದ ಕೊಡುವುದಿಲ್ಲ. ಚರಂಡಿಗಳಿಗೆ ಅಡ್ಡ ಕಟ್ಟಿ ಅಂತರ್ಜಲವನ್ನೇ ಬೇರಿನ ತನಕ ಏರಿಸಿ ನಿಲ್ಲಿಸುತ್ತಾರೆ, ಅಡಿಯಿಂದ ನೀರು ಕುಡಿಸುವ ಪದ್ಧತಿ. ಇದರಲ್ಲಿ ಬೆಳೆಯೂ ಬರುತ್ತದೆ, ಅಡಿಯ ಚುಕ್ಕೆ ಮಣ್ಣು ಪೂರ್ತಿ ಒಣಗುವುದೂ ತಪ್ಪುತ್ತದೆ. ನಮ್ಮಲ್ಲಿ ಡಿಸೆಂಬರ್‌ನಲ್ಲಿ ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟ ಹಾಕಿ ಬೈಲಿನ ಬಾವಿಗಳಲ್ಲಿ ನೀರು ನಿಲ್ಲಿಸುತ್ತಿದ್ದರಲ್ಲ, ಅದನ್ನೇ ದೊಡ್ಡ ಪ್ರಮಾಣದಲ್ಲಿ ಯೋಚಿಸಿ. ನಾವು ಕಟ್ಟ ಬಿಟ್ಟು ಬೋರ್‌ವೆಲ್ ಹಿಡಿದಿದ್ದೇವೆ.

ತಗ್ಗಿನಲ್ಲಿ ನೀರಾಡಿದ ಕಡೆ ಆಗೋ ಕಲ್ಲು ಗುಡ್ಡದ ತಲೆ ಮೇಲೆ ಯಾಕಿದೆ?

ಒಳ್ಳೆ ಪ್ರಶ್ನೆ. ಎರಡು ದಾರಿ ಇವೆ. ಕೆಲವು ಗುಡ್ಡಗಳಲ್ಲಿ ಬಂಡೆ ಇದ್ದಲ್ಲೇ ಕೊಳೆತು, ಕಬ್ಬಿಣ ಅಲ್ಲೇ ಉಳಿದು ಕಲ್ಲಾಗಿದೆ. ಅದಕ್ಕೆ ಬೈಲು ಬೇಕಿಲ್ಲ. ಕರಾವಳಿಯ ಎಲ್ಲ ಕೆಂಪು ಕಲ್ಲೂ ಬೈಲಲ್ಲೇ ಹುಟ್ಟಿತು ಅಂತ ನಾನು ಹೇಳುತ್ತಿಲ್ಲ.

ಇನ್ನೊಂದು ದಾರಿ ಮಜಾ ಇದೆ. ತಗ್ಗಿನಲ್ಲಿ ಕಬ್ಬಿಣ ಸೇರಿ ಕಲ್ಲಾಗುತ್ತದೆ. ಆಮೇಲೆ ಲಕ್ಷಾಂತರ ವರ್ಷದ ಮಳೆ ಸುತ್ತಲಿನ ಮೆತ್ತನೆಯ ಎತ್ತರದ ನೆಲವನ್ನು ಕೊಚ್ಚಿಕೊಂಡು ಹೋಗುತ್ತದೆ, ಕಲ್ಲಾದ ತಗ್ಗು ಮಾತ್ರ ಕರಗುವುದಿಲ್ಲ. ಕೊನೆಗೆ ತಗ್ಗೇ ಗುಡ್ಡ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಹಳೆ ನದಿಯ ಪಾತ್ರಗಳಲ್ಲಿ ಸೇರಿದ ಕಬ್ಬಿಣದ ಕಾಳುಕಲ್ಲು ಈಗ ಮೇಜಿನಂಥ ಗುಡ್ಡಗಳಾಗಿ ನಿಂತಿದೆ. ನದಿ ಅಂಕುಡೊಂಕಾಗಿ ಹರಿದ ಹಾಗೇ ಗುಡ್ಡದ ಸಾಲೂ ಅಂಕುಡೊಂಕು. ಅದನ್ನು ಅದಿರು ಅಂತ ಅಗೆದು ಮಾರುತ್ತಾರೆ.

ಒಮ್ಮೆ ಕಲ್ಲಾದದ್ದನ್ನು ಮತ್ತೆ ಮಣ್ಣು ಮಾಡಬಹುದಾ?

ರಸಾಯನದ ಲೆಕ್ಕದಲ್ಲಿ ಮಾಡಬಹುದು. ವರ್ಷಗಟ್ಟಲೆ ನೀರು ನಿಲ್ಲಿಸಿ, ಸೊಪ್ಪು ಸಗಣಿ ಕೊಳೆಸಿದರೆ ಅದೇ ಬ್ಯಾಕ್ಟೀರಿಯಾಗಳು ಹರಳನ್ನೂ ಮೆಲ್ಲಗೆ ಕರಗಿಸುತ್ತವೆ. ಹಸಿ ತುಕ್ಕಿಗಿಂತ ಹರಳನ್ನು ಬಿಡಿಸುವುದು ಬಹಳ ನಿಧಾನ. ನಿಮ್ಮ ಆಯುಷ್ಯದಲ್ಲಿ ಗದ್ದೆ ವಾಪಸ್ ಬರುವುದಿಲ್ಲ. ಪಶ್ಚಿಮ ಆಫ್ರಿಕಾದ ಗಿನಿಯಲ್ಲಿ ಬೋವಲ್ ಅನ್ನುವ ಕಬ್ಬಿಣದ ಬಯಲುಗಳಿವೆ. ಅಲ್ಲಿ ಮಳೆಗಾಲದಲ್ಲಿ ಹುಲ್ಲು ಬರುತ್ತದೆ, ದನ ಮೇಯುತ್ತದೆ, ಅಷ್ಟೆ.

ಆಗುವ ಕೆಲಸ ಒಡೆಯುವುದು ಮತ್ತು ತುಂಬುವುದು. ಪದರ ಒಂದೆರಡು ಅಡಿ ದಪ್ಪ ಇದ್ದು ಅಡಿಯಲ್ಲಿ ಮೆತ್ತಗಿದ್ದರೆ ಗುಂಡಿ ಗುಂಡಿ ಹೊಡೆದು ತೂತು ಮಾಡಿ, ಸುಡುಮಣ್ಣು, ಸೊಪ್ಪು, ಹಟ್ಟಿಗೊಬ್ಬರ ತುಂಬಿ, ಮರ ನೆಡಿ. ಭತ್ತದ ಆಸೆ ಬಿಡಿ. ಗೇರು, ಹಲಸು, ಪುನರ್ಪುಳಿ ಬರುತ್ತವೆ. ಅಪ್ಪನ ಆ ಮಜಲಿನಲ್ಲಿ ನಾನು ಹದಿಮೂರು ಗೇರು ಹಾಕಿದ್ದೆ, ಕಂಪ್ರೆಸರ್ ತಂದು ಗುಂಡಿ ಹೊಡೆಸಿ. ಎರಡು ಮೊದಲ ಬೇಸಿಗೆಗೇ ಹೋದವು. ಹನ್ನೊಂದು ಇವೆ, ಕಳೆದ ವರ್ಷ ನಾಲ್ಕು ಮರ ಹೂ ಬಿಟ್ಟಿತ್ತು.